ಡಬ್ಬಿ ಮುಚ್ಚಿದ್ದರೂ ಕ್ರಿಕೆಟ್ ಹುಳ ಹೊರಗೆ ಬರುವುದು ಹೇಗೆ?

ನಿಮ್ಮ ಪ್ರಶ್ನೆ – ನಮ್ಮ ಉತ್ತರ

ಅರೋವಾನಾ ಮೀನು, ಕ್ವೇಲ್ ಹಕ್ಕಿ, ಕೋಳಿಮರಿಗಳಿಗೆ ತಿನ್ನಿಸಲು ಮನೆಯಲ್ಲೇ ಕ್ರಿಕೆಟ್ ಹುಳ, ಅಂದರೆ ಚಿಮ್ಮಂಡೆ, ಸಾಕುತ್ತಿರುವ ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರ ಪ್ರಶ್ನೆಗಳು ಈ ಸಲ.

ಪ್ರಶ್ನೆ: 50 ಲೀಟರಿನ ಪ್ಲಾಸ್ಟಿಕ್ ಡಬ್ಬಿಯಾಗ ಹುಳ ಇಟ್ಟೀನ್ರಿ. ಮುಚ್ಚಳಕ್ಕ ಕಿಟಕಿ ಕೊಯ್ದು ಸೊಳ್ಳಿ ಪರದಿ ಅಂಟಿಸೀನಿ. ಆದ್ರೂ ಅಡಗಿಮನ್ಯಾಗ ದಿನಾ ನಾಕೈದು ಸಿಗತಾವ. ಎಲ್ಲಿಂದ ಬರ್ತಾವ ತಿಳೀವಲ್ದು. (ಗಂಗಾವತಿ)

ಉತ್ತರ: ಮೊದಲು ಆ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನ ಹತ್ತಿರ ಎಳೆ ಕಿತ್ತು ಕಡಲೆಬೇಳೆಯಷ್ಟು ತೂತು ಬಿದ್ದಿರುವ ಸಾಧ್ಯತೆಯೇ ಹೆಚ್ಚು. ನೈಲಾನ್ ಪರದೆಯನ್ನು ಈ ಹುಳ ಸಲೀಸಾಗಿ ಕಡಿಯುತ್ತದೆ. ಒಳಗೆ ನೀರು ತೀರಿದರಂತೂ ಕೇಳುವುದೇ ಬೇಡ. ಅದನ್ನು ಕಿತ್ತು ಸ್ಟೀಲ್ ಜಾಲರಿ ಕೂಡಿಸಿ. ಕಿಟಕಿ 15 × 25 ಸೆಂ.ಮೀ. ಇದ್ದರೆ ಸಾಕು. ಸುತ್ತ ಕನಿಷ್ಠ 5 ಸೆಂ.ಮೀ. ಪ್ಲಾಸ್ಟಿಕ್ ಉಳಿಯಬೇಕು, ಇಲ್ಲದಿದ್ದರೆ ಮುಚ್ಚಳ ಬಾಗಿ ಮೂಲೆಯಲ್ಲಿ ಸಂದು ಬಿಡುತ್ತದೆ. ಜಾಲರಿಯನ್ನು ನಾಲ್ಕೂ ಕಡೆ 2 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಗ್ಲೂ ಗನ್ನಿನಿಂದ ಅಂಟಿಸಿ, ಮೇಲೆ ಅಲ್ಯುಮಿನಿಯಂ ಪಟ್ಟಿ ಇಟ್ಟು 3 ಮಿ.ಮೀ. ಬೋಲ್ಟ್ ಬಿಗಿಯಿರಿ. ನುಣುಪು ಪ್ಲಾಸ್ಟಿಕ್ ಮೇಲೆ ಬರೀ ಅಂಟು ಬಹಳ ದಿನ ನಿಲ್ಲುವುದಿಲ್ಲ.

ಇನ್ನು ಗೋಡೆ. ಕ್ರಿಕೆಟ್ ಹುಳದ ಕಾಲಲ್ಲಿ ಉಗುರು ಉಂಟು, ಹಲ್ಲಿಗಿರುವಂಥ ಅಂಟುವ ಪಾದ ಇಲ್ಲ. ಶುಚಿಯಾದ ನುಣುಪು ಪ್ಲಾಸ್ಟಿಕ್ಕನ್ನಾಗಲಿ ಗಾಜನ್ನಾಗಲಿ ಅದು ಹತ್ತಲಾರದು. ಹತ್ತಿದೆ ಎಂದರೆ ನಾವೇ ದಾರಿ ಮಾಡಿಕೊಟ್ಟಿರುತ್ತೇವೆ: ಸ್ಟೀಲ್ ನಾರಿನಿಂದ ಉಜ್ಜಿ ಮಾಡಿದ ಗೀರು, ಗೋಡೆಗೆ ಮೆತ್ತಿದ ತೌಡಿನ ಪುಡಿ, ನೀರು ಒಣಗಿ ಉಳಿದ ಬಿಳಿ ಕರೆ, ಮೀನಿನ ಹಳೆ ಗಾಜಿನ ತೊಟ್ಟಿಯಾದರೆ ಮೂಲೆಯ ಸಿಲಿಕೋನ್ ಗೆರೆ. ಡಬ್ಬಿಯನ್ನು ಮೆತ್ತನೆ ಬಟ್ಟೆಯಿಂದಲೇ ತೊಳೆಯಿರಿ. ಒಳಗಡೆ ಬಾಯಿಯಂಚಿಗೆ 5 ಸೆಂ.ಮೀ. ಅಗಲದ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದೆ ಒಂದು ಸುತ್ತು ಅಂಟಿಸಿ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಕಡೆಯ ಬಿಸಿಲಿಗೆ ಟೇಪಿನ ಅಂಟು ಮೆತ್ತಗಾಗಿ ಅಂಚು ಏಳುತ್ತದೆ. ಎದ್ದ ಅಂಚೇ ಹುಳಕ್ಕೆ ಏಣಿ. ಆಗ ಹಳೆಯದನ್ನು ಪೂರ್ತಿ ಕಿತ್ತು ಹೊಸದು ಹಾಕಿ.

ಅಡಗಲು ಇಡುವ ಮೊಟ್ಟೆ ಟ್ರೇಗಳ ತುದಿ ಡಬ್ಬಿಯ ಬಾಯಿಗಿಂತ 15 ಸೆಂ.ಮೀ. ಕೆಳಗಿರಬೇಕು, ಗೋಡೆಗೆ ತಾಗಬಾರದು. ಡಬ್ಬಿ 40 ಸೆಂ.ಮೀ. ಆಳ ಇದ್ದರೆ ಇದು ಕಷ್ಟವಲ್ಲ. ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಮಲಗಿಸಿದರೆ ಗುಳಿಗಳಲ್ಲಿ ಕೂತು ನಾರುತ್ತದೆ.

ಇಷ್ಟೆಲ್ಲ ಮಾಡಿದರೂ ನಾಲ್ಕೈದು ಹುಳ ಸಿಕ್ಕರೆ, ಅವು ಹೋದದ್ದು ನೀವು ಮುಚ್ಚಳ ತೆಗೆದ ಹೊತ್ತಿನಲ್ಲಿ. ಕೈಯಿಂದ ಒಂದೊಂದೇ ಹಿಡಿಯುವ ಪದ್ಧತಿ ಬಿಡಿ. ಡಬ್ಬಿಯೊಳಗೆ ಗೇಣುದ್ದದ ಎರಡು ರಟ್ಟಿನ ಕೊಳವೆ ಇಡಿ. ಹುಳ ತಾವಾಗಿಯೇ ಒಳಸೇರುತ್ತವೆ. ಎರಡೂ ಬಾಯಿಗೆ ಅಂಗೈ ಒತ್ತಿ ಕೊಳವೆ ಎತ್ತಿ, ಆಳವಾದ ಡಬರಿಗೆ ಕೊಡವಿ, ತಟ್ಟೆ ಮುಚ್ಚಿ. ಈ ಕೆಲಸವನ್ನು ದೊಡ್ಡ ಬಿಳಿ ಟಬ್ಬಿನೊಳಗೆ ಮಾಡಿದರೆ ಜಾರಿದ ಹುಳ ಅಲ್ಲೇ ಕಣ್ಣಿಗೆ ಬೀಳುತ್ತದೆ. ಬಾಗಿಲು ಹಾಕಿರಲಿ, ಬಚ್ಚಲ ತೂತಿಗೆ ಜಾಲರಿ ಇರಲಿ. ಬೆಳಗಿನ ತಂಪಿನಲ್ಲಿ ಹುಳ ಮಂದವಾಗಿರುತ್ತವೆ, ಅದೇ ಸರಿಯಾದ ಹೊತ್ತು.

ಪ್ರಶ್ನೆ: ದೊಡ್ಡ ಹುಳ ಒಂದೂ ಹೊರಗೆ ಬಂದಿಲ್ಲ. ಆದರೆ ಡಬ್ಬಿ ಇಟ್ಟ ಮೇಜಿನ ಮೇಲೆ ಇರುವೆಯಷ್ಟು ಸಣ್ಣ ಮರಿಗಳು ಜಿಗಿದಾಡುತ್ತಿವೆ. ಜಾಲರಿ ಸ್ಟೀಲಿನದೇ. (ಸಿಂಧನೂರು)

ಉತ್ತರ: ಮೊಟ್ಟೆಯಿಂದ ಆಗತಾನೆ ಬಂದ ಮರಿ ಸುಮಾರು 2 ಮಿ.ಮೀ. ಉದ್ದ, ಮೈ ಅದಕ್ಕಿಂತ ಸಣ್ಣ. ಕಿಟಕಿಗೆ ಹಾಕುವ ಮಾಮೂಲಿ ಜಾಲರಿಯ ಕಣ್ಣಿನಲ್ಲಿ ಅದು ಆರಾಮಾಗಿ ನುಸುಳುತ್ತದೆ. ಮರಿಗಳಿಗೆ 40 ಮೆಶ್ ಸ್ಟೀಲ್ ಜಾಲರಿ ಬೇಕು. ಅದರ ಕಣ್ಣು ಅರ್ಧ ಮಿಲಿಮೀಟರಿಗೂ ಕಡಿಮೆ. ಆದರೆ ಜಾಲರಿ ಬದಲಿಸುವುದಕ್ಕಿಂತ ಮುಖ್ಯವಾದದ್ದು ಮರಿಗಳು ದೊಡ್ಡ ಡಬ್ಬಿಯಲ್ಲಿ ಹುಟ್ಟದಂತೆ ನೋಡಿಕೊಳ್ಳುವುದು.

ಹೆಣ್ಣಿನ ಹಿಂಭಾಗದಲ್ಲಿ ಸೂಜಿಯಂಥ ಕೊಳವೆ ಇರುತ್ತದೆ. ಅದನ್ನು ಒದ್ದೆ ಮಣ್ಣಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. 5 ಸೆಂ.ಮೀ. ಆಳದ ಚಿಕ್ಕ ಡಬ್ಬಿಗೆ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವದ ತೆಂಗಿನ ನಾರಿನ ಪುಡಿ ತುಂಬಿ ಒಳಗಿಡಿ. ಎರಡು-ಮೂರು ದಿನಕ್ಕೆ ಅದನ್ನು ತೆಗೆದು ಬೇರೆ ಮರಿಡಬ್ಬಿಗೆ ಸಾಗಿಸಲೇಬೇಕು. ಮರೆತರೆ ದೊಡ್ಡ ಹುಳಗಳು ಮೊಟ್ಟೆಯನ್ನೇ ಕೆದಕಿ ತಿನ್ನುತ್ತವೆ, ಉಳಿದವು ಮರಿಯಾಗಿ ನಿಮ್ಮ ಮೇಜಿಗೆ ಬರುತ್ತವೆ. 28ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 10ರಿಂದ 14 ದಿನಕ್ಕೆ ಮರಿ ಏಳುತ್ತವೆ. ಮರಿಡಬ್ಬಿಯ ಬಾಯಿಗೆ ಒತ್ತು ನೇಯ್ಗೆಯ ಹತ್ತಿ ಬಟ್ಟೆ ಬಿಗಿಯಾಗಿ ಕಟ್ಟಿದರೂ ನಡೆದೀತು, ಆದರೆ ಮೊದಲ ಎರಡು ವಾರ ಮಾತ್ರ. ಆಮೇಲೆ ಬಟ್ಟೆ ಕಡಿಯಲು ಶುರುಮಾಡುತ್ತವೆ. ತಟ್ಟೆಯಲ್ಲಿ ನೀರು ಇಡಬೇಡಿ, ಮರಿ ಹನಿಯಲ್ಲೂ ಮುಳುಗಿ ಸಾಯುತ್ತದೆ. ಒದ್ದೆ ಸ್ಪಂಜು ಅಥವಾ ಗಜ್ಜರಿ ತುಂಡು ಸಾಕು.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಅರ್ಧಕ್ಕರ್ಧ ಹುಳ ಸಾಯುತ್ತವೆ, ಉಳಿದವು ಮುಚ್ಚಳಕ್ಕೆ ಜಿಗಿದು ಬಡಿಯುತ್ತಿರುತ್ತವೆ. ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ. (ಬಳ್ಳಾರಿ)

ಉತ್ತರ: ಗೋಣಿಚೀಲ ತೆಗೆಯಿರಿ. ಗಾಳಿ ನಿಂತು ಒಳಗೆ ಹಬೆಯಾಡುತ್ತದೆ, ತೌಡು ಬೂಸಲು ಹಿಡಿಯುತ್ತದೆ. ಹೊರಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಡಬ್ಬಿ ಪಡಸಾಲೆಯಲ್ಲಾಗಲಿ ತಗಡಿನ ಕೆಳಗಾಗಲಿ ಇರಬಾರದು. ಒಳಕೋಣೆಯ ಕಡಪ ಕಲ್ಲಿನ ನೆಲವೇ ಒಳ್ಳೆಯದು. 50 ಲೀಟರಿನ ಡಬ್ಬಿಗೆ ಬೆಳೆದ ಹುಳ 300 ಸಾಕು, ಬೇಸಿಗೆಗೆ 150. ಕಿಕ್ಕಿರಿದು ಬಾಯಾರಿದ ಹುಳವೇ ಜಾಲರಿ ಕಡಿಯುವುದು, ಒಂದನ್ನೊಂದು ತಿನ್ನುವುದು. ಸ್ಪಂಜಿಗೆ ಬೆಳಿಗ್ಗೆ ಸಂಜೆ ನೀರುಣಿಸಿ.

ಸತ್ತವುಗಳಿಗೆ ಬಿಸಿಲೊಂದೇ ಕಾರಣ ಅಂದುಕೊಳ್ಳಬೇಡಿ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಯಂತ್ರ ಹಾಕಿದರೂ ಸಾಯುತ್ತವೆ. ಮಾರುಕಟ್ಟೆಯ ಸೊಪ್ಪಿನಲ್ಲಿ ಔಷಧಿಯ ಅಂಶ ಉಳಿದಿದ್ದರೂ ಅಷ್ಟೇ. ಮೆಣಸಿನಕಾಯಿ, ಹತ್ತಿಗೆ ಔಷಧಿ ಹೊಡೆಯುವ ಹೊಲದ ಬದುವಿನ ಹುಲ್ಲಂತೂ ಬೇಡವೇ ಬೇಡ. ಸಿಪ್ಪೆ ಹೆರೆದ ಗಜ್ಜರಿ, ಕುಂಬಳದ ತಿರುಳು, ಹಿತ್ತಲ ನುಗ್ಗೆಸೊಪ್ಪು ಕೊಡಿ. ಮೂಲ ಆಹಾರಕ್ಕೆ ತೌಡು ಮತ್ತು ಕೋಳಿಮರಿಯ ಸ್ಟಾರ್ಟರ್ ಫೀಡ್ ಸಮಸಮ ಬೆರೆಸಿದರೆ ಆಯಿತು.

ಇವು ಯಾವುದೂ ಇಲ್ಲದೆ, ಹುಳಗಳು ಜಿಗಿಯಲಾರದೆ ಬೆನ್ನಡಿಯಾಗಿ ಕಾಲಾಡಿಸುತ್ತ ಸಾಲುಸಾಲಾಗಿ ಸತ್ತರೆ ಡೆನ್ಸೊವೈರಸ್ ರೋಗದ ಅನುಮಾನ ಪಡಬೇಕು. ಅಮೆರಿಕದಲ್ಲಿ 2009-10ರ ಹೊತ್ತಿಗೆ ದೊಡ್ಡ ಕ್ರಿಕೆಟ್ ಫಾರ್ಮ್‌ಗಳನ್ನು ಖಾಲಿ ಮಾಡಿದ ರೋಗವದು. ಮದ್ದಿಲ್ಲ. ಎಲ್ಲವನ್ನೂ ವಿಲೇವಾರಿ ಮಾಡಿ, ಟ್ರೇ ಸುಟ್ಟು, ಡಬ್ಬಿಯನ್ನು ಬ್ಲೀಚ್ ನೀರಿನಿಂದ ತೊಳೆದು ಒಣಗಿಸಿ, ಬೇರೆ ಕಡೆಯಿಂದ ಹೊಸ ಹುಳ ತನ್ನಿ.

ಪ್ರಶ್ನೆ: ಡಬ್ಬಿ ಉರುಳಿ ನೂರಾರು ಹುಳ ಮನೆತುಂಬ ಹರಡಿವೆ. ಮನೆಯಲ್ಲೇ ಸಂತಾನ ಮಾಡಿಕೊಳ್ಳುತ್ತವೆಯೆ? ಸ್ಪ್ರೇ ಹೊಡೆಯಲೆ? (ರಾಯಚೂರು)

ಉತ್ತರ: ಸ್ಪ್ರೇ ಬೇಡ. ವಿಷ ತಾಗಿದ ಹುಳವನ್ನು ನಿಮ್ಮ ಹಕ್ಕಿಯೋ ಮೀನೋ ತಿಂದರೆ ಕೆಲಸ ಕೆಟ್ಟಿತು. ಮೊಟ್ಟೆಗೆ ತೇವ ಬೇಕು, ಒಣನೆಲದಲ್ಲಿ ಅದು ಬತ್ತಿಹೋಗುತ್ತದೆ. ಆದ್ದರಿಂದ ಹೂಕುಂಡ, ಬಚ್ಚಲ ಮೂಲೆ, ನೀರಿನ ಗಡಿಗೆ ಕೆಳಗಿನ ಉಸುಕು ಇವಿಷ್ಟನ್ನು ಗಮನಿಸಿ. ಕುಂಡಗಳನ್ನು ಮೂರು ವಾರ ಹೊರಗಿಡಿ.

ಹಿಡಿಯಲು ಗಾಜಿನ ಬಾಟಲಿಗಳೇ ಸಾಕು. ಅಗಲ ಬಾಯಿಯ ಬಾಟಲಿಯಲ್ಲಿ ಒಂದು ಚಮಚ ತೌಡು, ಬಾಳೆಹಣ್ಣಿನ ಬಿಲ್ಲೆ ಹಾಕಿ ಗೋಡೆಗೆ ತಾಗಿಸಿಡಿ. ನೆಲದಿಂದ ಬಾಯಿಯವರೆಗೆ ಹಳೆ ಬಟ್ಟೆ ಸುತ್ತಿ. ಹುಳ ಅದನ್ನು ಹತ್ತಿ ಒಳಗೆ ಬೀಳುತ್ತದೆ, ಗಾಜು ಹತ್ತಿ ವಾಪಸ್ ಬರಲಾರದು. ಫ್ರಿಜ್ ಹಿಂದೆ, ಬೀರುವಿನ ಕೆಳಗೆ, ಒಲೆಯ ಕಟ್ಟೆಯ ಪಕ್ಕ ಇಡಿ. ಬೆವರು ಹತ್ತಿದ ಬಟ್ಟೆಗಳನ್ನು ನೆಲದ ಮೇಲೆ ಬಿಡಬೇಡಿ, ಕಡಿದು ತೂತು ಮಾಡುತ್ತವೆ. ಅಂಟಿನ ಹಲಗೆಯೂ ಕೆಲಸ ಮಾಡುತ್ತದೆ, ಆದರೆ ಹಲ್ಲಿ ಸಿಕ್ಕಿಕೊಂಡು ನರಳುವುದನ್ನು ನೋಡಬೇಕಾಗುತ್ತದೆ.

ಪ್ರಶ್ನೆ: ರಾತ್ರಿಯಿಡೀ ಕಿರ್ರೋ ಅಂತಾವ. ಓಣ್ಯಾಗಿನವ್ರು ಬೈತಾರ. (ಕುಷ್ಟಗಿ)

ಉತ್ತರ: ಕೂಗುವುದು ರೆಕ್ಕೆ ಬಂದ ಗಂಡು ಮಾತ್ರ. 4-5 ವಾರದ, ರೆಕ್ಕೆ ಮೂಡದ ಹುಳವನ್ನೇ ತಿನ್ನಿಸಿ ಮುಗಿಸಿದರೆ ಕೂಗೂ ಇಲ್ಲ, ಮೊಟ್ಟೆಯೂ ಇಲ್ಲ. ತಳಿಗೆಂದು 5 ಗಂಡು, 15 ಹೆಣ್ಣು ಉಳಿಸಿಕೊಂಡರೆ ಒಂದು ಮನೆಗೆ ಧಾರಾಳ.

ಪ್ರಶ್ನೆ: ಮೊದಲ ಮಳೆಗೆ ಬೀದಿದೀಪದ ಕೆಳಗೆ ಕಪ್ಪು ಹುಳ ರಾಶಿ ಬೀಳುತ್ತವೆ. ಅವನ್ನೇ ಹಿಡಿದು ಸಾಕಬಹುದೆ? (ಸಿರುಗುಪ್ಪ)

ಉತ್ತರ: ರೆಕ್ಕೆಯ ಬುಡದಲ್ಲಿ ಎರಡು ಹಳದಿ ಮಚ್ಚೆ ಇರುವ ಆ ಹುಳ ಸಾಕಲು ಬರುತ್ತದೆ. ಆದರೆ ಹಾರುತ್ತದೆ, ದೀಪದತ್ತ ಬರುತ್ತದೆ. ಮುಚ್ಚಳ ತೆರೆಯುವಾಗ ಟ್ಯೂಬ್‌ಲೈಟ್ ಆರಿಸಿರಬೇಕು. ಗದ್ದೆಯ ಔಷಧಿಯೂ, ಪರೋಪಜೀವಿಗಳೂ ಅದರ ಜೊತೆ ಬರುವುದರಿಂದ ಹಿಡಿದದ್ದನ್ನು ನೇರ ತಿನ್ನಿಸಬೇಡಿ. ಬೇರೆ ಡಬ್ಬಿಯಲ್ಲಿಟ್ಟು ಮೊಟ್ಟೆ ಪಡೆದು, ಆ ಮರಿಗಳನ್ನು ಬಳಸಿ.

ಪ್ರಶ್ನೆ: ಅರೋವಾನಾಗೆ ಹಾಕಿದ ಹುಳ ನೀರಿನಿಂದಲೇ ಜಿಗಿದು ಹೋಗುತ್ತದೆ. (ಕಾರಟಗಿ)

ಉತ್ತರ: ದಪ್ಪ ಹಿಂಗಾಲು ಎರಡನ್ನೂ ತೊಡೆಯ ಬಳಿ ಚಿಮಟದಿಂದ ಒತ್ತಿದರೆ ಹುಳವೇ ಕಾಲು ಕಳಚುತ್ತದೆ. ತೊಟ್ಟಿಯ ನಡುವೆ, ಒಂದೊಂದಾಗಿ ಬಿಡಿ. ಮೊದಲನೆಯದನ್ನು ಮೀನು ನುಂಗಿದ ಮೇಲೆಯೇ ಎರಡನೆಯದು. ಕ್ವೇಲ್ ಸಾಕಿದವರು ಹುಳವನ್ನು ಪಂಜರದ ಜಾಲರಿ ನೆಲಕ್ಕೆ ಸುರಿಯದೆ, 15 ಸೆಂ.ಮೀ. ಆಳದ ನುಣುಪು ಬೋಗುಣಿಯಲ್ಲಿ ಹಾಕಿ, 15 ನಿಮಿಷದಲ್ಲಿ ತಿನ್ನುವಷ್ಟೇ ಕೊಡಬೇಕು. ಮಿಕ್ಕಿದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಫ್ರೀಜರಿನಲ್ಲಿಟ್ಟು ತಿಪ್ಪೆಗೆ ಹಾಕಿ. ಕೊಂಡು ತಂದ ತಳಿಯನ್ನು ಹೊಲದಲ್ಲಿ ಬಿಡಬೇಡಿ.