ಕಣ್ಣು ಮುಚ್ಚಿದರೆ ಎದೆ ಡವಡವ

ಪ್ರಶ್ನೆ: ನನಗೆ 34 ವರ್ಷ. ಆತಂಕದ ಕಾಯಿಲೆಗೆ ಎಂಟು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಮ್ಮತ್ತೆ ‘ಮಾತ್ರೆ ಬಿಡು, ಓಂಕಾರ ಹೇಳು, ಧ್ಯಾನ ಮಾಡು’ ಅಂತಾರೆ. ಕಣ್ಣು ಮುಚ್ಚಿ ಕೂತರೆ ಎದೆ ಡವಡವ ಅನ್ನೋದು ಇನ್ನೂ ಜಾಸ್ತಿ ಆಗುತ್ತದೆ. ನನಗೆ ದೇವರಲ್ಲಿ ಅಷ್ಟು ನಂಬಿಕೆಯೂ ಇಲ್ಲ, ಅದಕ್ಕೇ ಹೀಗಾಗುತ್ತಾ?
– ಹೆಸರು ಬೇಡ, ತುಮಕೂರು

ಉತ್ತರ: ಅದಕ್ಕಲ್ಲಮ್ಮ. ಆತಂಕ ಇರುವವರು ಸುಮ್ನೆ ಕಣ್ಣು ಮುಚ್ಚಿ ಕೂತರೆ ಗಮನವೆಲ್ಲ ಎದೆಬಡಿತದ ಮೇಲೆಯೇ ಹೋಗುತ್ತದೆ, ಬಡಿತ ಕೇಳಿಸಿದಷ್ಟೂ ಹೆದರಿಕೆ, ಹೆದರಿದಷ್ಟೂ ಬಡಿತ. ಹಲವರಿಗೆ ಹೀಗಾಗುತ್ತದೆ. ಧ್ಯಾನ ಕಲಿಸುವವರು ಇದನ್ನು ಮೊದಲೇ ಹೇಳಬೇಕು, ಹೇಳುವವರು ಕಡಿಮೆ. ಸದ್ಯಕ್ಕೆ ಮೌನಧ್ಯಾನ ಪಕ್ಕಕ್ಕಿಡಿ. ಕಪಾಲಭಾತಿಯಂಥ ಜೋರು ಉಸಿರಾಟವೂ ಬೇಡ.

ಹಾಗಂತ ಅತ್ತೆಯ ಮಾತು ಪೂರ್ತಿ ತಪ್ಪಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಓಂ ಹೇಳುತ್ತಿರುವವರ ಮಿದುಳು ಸ್ಕ್ಯಾನ್ ಮಾಡಿ ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಮುಂತಾದ ಭಾಗಗಳ ಚಟುವಟಿಕೆ ಇಳಿದದ್ದು ಕಂಡಿತು, ಬರೀ ‘ಸ್ಸ್ಸ್’ ಅಂದಾಗ ಇಳಿಯಲಿಲ್ಲ. ಆದರೆ ಅದರಲ್ಲಿದ್ದವರು 12 ಜನ, ಎಲ್ಲರೂ ಆರೋಗ್ಯವಂತರು. ಅದನ್ನಿಟ್ಟುಕೊಂಡು ಕಾಯಿಲೆಯವರಿಗೆ ಮಾತ್ರೆ ಬಿಡಿ ಅನ್ನೋಕಾಗಲ್ಲ, ಅಲ್ವಾ?

ಇನ್ನು ನಂಬಿಕೆಯ ವಿಷಯ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ದೇವರು ಬೇರೆ, ಭಾಷೆ ಬೇರೆ, ಆದರೂ ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಮಾಮೂಲಿಯಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಉಸಿರು ಹೊರಗೆ ಹೋಗುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಸಾಲನ್ನು ಎಳೆದು ಹೇಳಿದಾಗ ಆಗುವುದೂ ಇದೇ. ಹಾಗಾಗಿ ಬಸವಣ್ಣನ ವಚನವೋ, ಬಾಯಿಗೆ ಬರುವ ಯಾವುದೋ ಹಾಡೋ, ನಿಮಗಿಷ್ಟವಾದದ್ದು ಹೇಳಿ. ಕಣ್ಣು ತೆರೆದೇ ಇರಲಿ, ದನಿ ಹೊರಗೆ ಬರಲಿ, ಒಂದು ಸಾಲು ಮುಗಿಯುವವರೆಗೂ ಉಸಿರು ಎಳೆಯಬೇಡಿ. ಮೊದಲಿಗೆ ಐದು ನಿಮಿಷ ಸಾಕು. ತಲೆ ಸುತ್ತಿದರೆ ನಿಲ್ಲಿಸಿ. ಅತ್ತೆ ಪಕ್ಕದಲ್ಲಿ ಕೂತು ಓಂ ಹೇಳಿಕೊಳ್ಳಲಿ ಬಿಡಿ, ಜಗಳ ಯಾಕೆ!

ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ. ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು ಬರಬಹುದು, ನಿದ್ದೆ ಕೆಡಬಹುದು, ಇಳಿದಿದ್ದ ಆತಂಕ ಮತ್ತೆ ಏರಬಹುದು. ಕಡಿಮೆ ಮಾಡಬೇಕು ಅನ್ನಿಸಿದರೆ ನಿಮ್ಮ ಡಾಕ್ಟರ್ ಹತ್ತಿರ ಹೇಳಿ, ಅವರು ನಿಧಾನವಾಗಿ ಇಳಿಸುತ್ತಾರೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.