ಕ್ಯಾಮೆರಾ ಹಿಡಿದು ಚಿಯಾಂಗ್ ಮಾಯ್‌ಗೆ ಹೊರಟ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ. ಸಾಗರದ ಹೈಸ್ಕೂಲಿನಿಂದ ನಿವೃತ್ತರಾಗಿದ್ದೀರಿ, ಮಗಳು ಕ್ಯಾಮೆರಾ ಕೊಡಿಸಿದ್ದಾಳೆ. ಇಲ್ಲಿಗೆ, ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದು ಒಂದೆರಡು ವರ್ಷ ಇದ್ದು, ಬರ್ಮಾ ಗಡಿಯ ನಿರಾಶ್ರಿತರ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು, ಸೇವಾಸಂಸ್ಥೆಗಳಿಗೆ ಪುಕ್ಕಟೆ ವಿಡಿಯೋ ಮಾಡಿಕೊಡಬೇಕು ಅಂತ ಬರೆದಿದ್ದೀರಿ. ವೀಸಾ ಹೇಗೆ, ಊಟಕ್ಕೇನು, ಯಾವ ಲೆನ್ಸ್ ತರಲಿ, ಜನ ಮಾತಾಡುತ್ತಾರಾ ಅಂತ ಕೇಳಿದ್ದೀರಿ.

ನಾವು ಬಂದಿಳಿದಿದ್ದು ಜುಲೈ ಮಳೆಯಲ್ಲಿ. ದೊಯಿ ಸುತೇಪ್ ಬೆಟ್ಟದ ಮೇಲೆ ಮೋಡ ಕೂತಿತ್ತು. ಆಗುಂಬೆಗೇ ಬಂದ ಹಾಗಾಯಿತಲ್ಲ ಅಂತ ಖುಷಿಪಟ್ಟೆವು. ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ತೆಂಗಿನಕಾಯಿ ಎಲ್ಲ ಸಿಕ್ಕಿತು, ತೊಗರಿಬೇಳೆಗೆ ಮಾತ್ರ ಅಲೆದಾಡಿದೆವು. ಆಮೇಲೆ ಫೆಬ್ರವರಿ ಬಂತು. ಸುತ್ತಲಿನ ಹೊಲ, ಕಾಡಿಗೆ ಬೆಂಕಿ ಬೀಳುವ ಕಾಲ ಅದು. ಏಪ್ರಿಲ್‌ವರೆಗೂ ಅದೇ ಬೆಟ್ಟ ಹೊಗೆಯಲ್ಲಿ ಕಾಣುವುದೇ ಇಲ್ಲ. ದಮ್ಮು ಇದ್ದವರಿಗೆ ಆ ಮೂರು ತಿಂಗಳು ಹೇಳಿಸಿದ್ದಲ್ಲ.

ಊಟದ ಚಿಂತೆ ಬಿಡಿ. 'ಜೇ' ಅಂತ ಹಳದಿ ಬಾವುಟ ಹಾಕಿದ ಅಂಗಡಿಯಲ್ಲಿ ಮೀನಿನ ಸಾಸ್ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಿಮ್ಮ ಮನೆಯ ಮಡಿಗೂ ನಡೆಯುತ್ತದೆ. ಕಾಫಿಪುಡಿ ಮಾತ್ರ ಊರಿಂದಲೇ ತನ್ನಿ.

ನಿವೃತ್ತಿ ವೀಸಾಕ್ಕೆ 50 ವರ್ಷ ದಾಟಿರಬೇಕು, ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಎಂಟು ಲಕ್ಷ ಅಂದರೆ ನಮ್ಮ ದುಡ್ಡಿನಲ್ಲಿ 20 ಲಕ್ಷ ಇಟ್ಟರೂ ಆಗುತ್ತದೋ ಇಲ್ಲವೋ, ಆಯಾ ದಿನದ ದರ ನೋಡಿಕೊಳ್ಳಿ. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಇದೆಲ್ಲ ನಿಮಗೆ ಯಾರಾದರೂ ಹೇಳುತ್ತಾರೆ. ಹೇಳದೆ ಬಿಡುವುದು ಒಂದೇ: ನಿವೃತ್ತಿ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಸಂಬಳವಿಲ್ಲದ ಸೇವೆಯನ್ನೂ ಇಲ್ಲಿ ಕೆಲಸ ಅಂತಲೇ ಲೆಕ್ಕ ಹಾಕಬಹುದು. 'ನಾನು ದುಡ್ಡೇ ತಗೊಳ್ಳಲ್ಲ ಸಾರ್' ಅಂದರೆ ವಲಸೆ ಕಚೇರಿಯವರು ತಲೆಯಾಡಿಸಿ ನಗುತ್ತಾರೆ, ಅಷ್ಟೇ. ಯಾವ ಸಂಸ್ಥೆಗೆ ವಿಡಿಯೋ ಮಾಡುತ್ತೀರೋ ಅವರ ಮೂಲಕವೇ ಸ್ವಯಂಸೇವಕರ ವೀಸಾ, ವರ್ಕ್ ಪರ್ಮಿಟ್ ಮಾಡಿಸಿಕೊಳ್ಳಿ. ಆಗದು ಅಂದರೆ ಆ ಸಂಸ್ಥೆಯನ್ನೇ ಬಿಡಿ. ಶಿಬಿರದೊಳಗೆ ಹೋಗಲು ಬೇರೆಯೇ ಸರ್ಕಾರಿ ಅನುಮತಿ ಬೇಕು. ಡ್ರೋನ್ ಮನೆಯಲ್ಲೇ ಇರಲಿ, ಗಡಿ ಹತ್ತಿರ ಅದನ್ನು ಹಾರಿಸುವ ಆಸೆಯೇ ಬೇಡ.

ಲೆನ್ಸ್ ಯಾವುದಾದರೂ ಆದೀತು. ದುಡ್ಡು ಮೈಕಿಗೆ ಹಾಕಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕೆ?

ನಿರಾಶ್ರಿತರ ಶಿಬಿರ ಅಂದರೆ ನಿಮ್ಮ ಕಣ್ಣ ಮುಂದೆ ಬೈಲಕುಪ್ಪೆ ಬರುತ್ತಿರಬಹುದು. ಹಾಗಲ್ಲ. ಇಲ್ಲಿಂದ ಮೇ ಸೋತ್‌ಗೆ ಬಸ್ಸಿನಲ್ಲಿ ಅರ್ಧ ದಿನ, ಅಲ್ಲಿಂದ ಉತ್ತರಕ್ಕೆ 60 ಕಿಲೋಮೀಟರ್ ಹೋದರೆ ಮೇ ಲಾ. 1984ರಿಂದ ಇರುವ ಶಿಬಿರ, ಗಡಿಯುದ್ದಕ್ಕೂ ಇರುವ ಒಂಬತ್ತರಲ್ಲಿ ದೊಡ್ಡದು. ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಉಳಲು ಜಮೀನು ಕೊಟ್ಟರು. ಇಲ್ಲಿ ಬಿದಿರಿನ ಗೋಡೆ, ಎಲೆಯ ಮಾಡು, ಹೊರಗೆ ದುಡಿಯಲು ದಶಕಗಟ್ಟಲೆ ಅನುಮತಿಯೇ ಇರಲಿಲ್ಲ. ಸರ್ಕಾರ ಅದಕ್ಕೆ ಒಪ್ಪಿದ್ದು 2025ರಲ್ಲಿ. ಶಿಬಿರದಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಕ್ಕಳನ್ನು ಕಂಡವರಿದ್ದಾರೆ.

ಜನ ಮಾತಾಡುತ್ತಾರಾ ಅಂದಿರಲ್ಲ, ಮಾತಾಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಬರ್ಮಾದ ಕರೆನ್ ಜನಾಂಗದ ಹೆಂಗಸೊಬ್ಬರು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಇನ್ನೊಂದು ತುದಿ ಮನೆಯ ಕಂಬಕ್ಕೆ ಬಿಗಿದು ನೇಯುತ್ತ, ಊರು ಬಿಟ್ಟ ರಾತ್ರಿಯ ಕಥೆ ಹೇಳಿದರು. ಸೈನ್ಯದ ಹೆಸರು ಹೇಳಿದರು, ಹಳ್ಳಿಯ ಹೆಸರೂ ಹೇಳಿದರು. ಒಪ್ಪಿಗೆ ಪತ್ರ ಅವರದೇ ಭಾಷೆಯಲ್ಲಿತ್ತು, ಓದಿಸಿ ಸಹಿ ಪಡೆದೆವು. ಚಿತ್ರ ಮುಗಿದ ಮೇಲೆ ತೋರಿಸಿದಾಗ ಮಕ್ಕಳನ್ನು ಕೂರಿಸಿಕೊಂಡು ನೋಡಿ ನಕ್ಕರು. ಬರ್ಮಾದಲ್ಲಿ ಆಗ ಚುನಾಯಿತ ಸರ್ಕಾರವಿತ್ತು, ಮರಳಿ ಹೋಗುವ ಮಾತು ನಡೆಯುತ್ತಿದ್ದ ಕಾಲ. 2021ರ ಫೆಬ್ರವರಿ 1ಕ್ಕೆ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಕೆಲವೇ ವಾರದಲ್ಲಿ ದುಭಾಷಿಯ ಫೋನ್: ಆಕೆಯ ತಮ್ಮ ಇನ್ನೂ ಹಳ್ಳಿಯಲ್ಲೇ ಇದ್ದಾನೆ, ವಿಡಿಯೋವನ್ನು ಇಂಟರ್ನೆಟ್ಟಿನಿಂದ ತೆಗೆದುಬಿಡಿ.

ನನ್ನ ಕಡೆಯದನ್ನು ಆಗಲೇ ತೆಗೆದೆ. ಆದರೆ ನಾನು ಚಿತ್ರ ಮಾಡಿಕೊಟ್ಟಿದ್ದ ಸಂಸ್ಥೆಯವರು ಅದನ್ನು ತುಂಡು ಮಾಡಿ ದಾನಿಗಳಿಗೆ ಕಳಿಸಿದ್ದರು, ದಾನಿಗಳು ತಮ್ಮ ಪುಟಕ್ಕೆ ಹಾಕಿಕೊಂಡಿದ್ದರು, ಯಾರೋ ಅಳು ಬರಿಸುವ ಸಂಗೀತ ಬೇರೆ ಸೇರಿಸಿದ್ದರು. ಎಲ್ಲರಿಗೂ ಬರೆದೆ. ಕೆಲವರು ತೆಗೆದರು, ಕೆಲವರು ಉತ್ತರಿಸಲಿಲ್ಲ. ಒಬ್ಬರು, ಸಹಿ ನಮ್ಮ ಕಡತದಲ್ಲಿದೆ, ಕಾನೂನಿನ ತೊಡಕಿಲ್ಲ ಅಂತ ವಿನಯವಾಗಿ ತಿಳಿಸಿದರು. ತಮ್ಮ ಏನಾದ ಅಂತ ಆಕೆ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಆ ಮುಖ ಈಗಲೂ ಎಲ್ಲೆಲ್ಲೋ ಎದುರಾಗುತ್ತದೆ, ಕೆಳಗೆ ಚಂದಾ ಕೇಳುವ ಗುಂಡಿಯ ಸಮೇತ.

ಅಂದಿನಿಂದ ನಾನು ಮುಖ ಬಿಟ್ಟು ಕೈಗಳನ್ನು ಚಿತ್ರೀಕರಿಸುತ್ತೇನೆ. ನೆಲಬಾಂಬಿಗೆ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡುವ ಕಡೆ ಹೋಗಿ ನೋಡಿ. ಮೊಂಡುಗಾಲಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಒಲೆಯಲ್ಲಿ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆದು ಕೂರಿಸುತ್ತಾರೆ. ತಣ್ಣಗಾದ ಮೇಲೆ ಅಂಚು ಉಜ್ಜುತ್ತ ಹೆಬ್ಬೆರಳಿನಿಂದ ಸವರಿ ಸವರಿ ನೋಡುವ ಕೈ ಇದೆಯಲ್ಲ, ಒಂದು ಮುಖವನ್ನೂ ತೋರಿಸದೆ ಅದರಿಂದಲೇ ಅರ್ಧ ಚಿತ್ರ ತುಂಬಿಸಬಹುದು. ಸಂಸ್ಥೆಯವರು ಅಳುವ ಮಗು ಕೇಳುತ್ತಾರೆ. ಕೊಡಬೇಡಿ. ಮೂಲ ಫೂಟೇಜ್ ಕೈಬಿಡಬೇಡಿ, ಎಷ್ಟು ವರ್ಷ, ಎಲ್ಲೆಲ್ಲಿ ಹಾಕಬಹುದು ಅಂತ ಬರೆಸಿಕೊಂಡೇ ಕೊಡಿ. ದುಭಾಷಿ ಹತ್ತು ನಿಮಿಷದ ಮಾತನ್ನು 'ಕಷ್ಟ ಇತ್ತಂತೆ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾನೆ. ಪೂರ್ತಿ ರೆಕಾರ್ಡ್ ಮಾಡಿ, ಆಮೇಲೆ ಬೇರೊಬ್ಬರಿಂದ ಅನುವಾದ ಮಾಡಿಸಿ.

ಅಂದ ಹಾಗೆ, ಊರು ಕಳೆದುಕೊಂಡವರನ್ನು ಹುಡುಕಿಕೊಂಡು ನೀವು ಇಷ್ಟು ದೂರ ಬರಬೇಕೆ? ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ, 1964ರ ನೀರು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ತುಮರಿ ಕಡೆ ಇನ್ನೂ ಸಿಕ್ಕಾರು. ಬರಬೇಡಿ ಅನ್ನುತ್ತಿಲ್ಲ, ಬಂದರೆ ನಮ್ಮ ಮನೆಯಲ್ಲೇ ಇಳಿಯಿರಿ, ನವೆಂಬರ್‌ನಲ್ಲಿ ಬನ್ನಿ. ಅದಕ್ಕೆ ಮೊದಲು ಅಲ್ಲಿ ಒಬ್ಬರನ್ನು ಮಾತಾಡಿಸಿ, ಎಡಿಟ್ ಮಾಡಿ, ಅವರಿಗೇ ತೋರಿಸಿ. ಯಾವುದನ್ನು ತೆಗೆಯಿರಿ ಅಂದರು, ನೀವು ತೆಗೆದಿರಾ, ಎರಡನ್ನೂ ನನಗೆ ಬರೆಯಿರಿ. ಟಿಕೆಟಿನ ಮಾತು ಆಮೇಲೆ.