ಓದುಗರ ಪ್ರಶ್ನೆ: ದೆಹಲಿ ನೋಡಿ ಓಟು ಹಾಕುವುದೋ, ಅಭ್ಯರ್ಥಿ ನೋಡಿ ಹಾಕುವುದೋ?

ಪ್ರಶ್ನೆ: ಪ್ರಧಾನಿ ಯಾರಾಗಬೇಕು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಆ ಪಕ್ಷ ನಮ್ಮಲ್ಲಿ ನಿಲ್ಲಿಸಿದ ಅಭ್ಯರ್ಥಿ ಮನಸ್ಸಿಗೆ ಬರುತ್ತಿಲ್ಲ. ಪಕ್ಷ ನೋಡಿ ಹಾಕಿದರೆ ತಪ್ಪೇ?
— ಕೃಷಿಕರೊಬ್ಬರು

ತಪ್ಪಲ್ಲ. ಆದರೆ ನಿಮ್ಮ ಓಟು ನೇರವಾಗಿ ಪ್ರಧಾನಿಗೆ ಬೀಳುವುದಿಲ್ಲ, 543 ಸಂಸದರಲ್ಲಿ ಒಬ್ಬರಿಗೆ ಬೀಳುತ್ತದೆ. 272 ಮಂದಿ ಯಾರ ಹಿಂದೆ ನಿಲ್ಲುತ್ತಾರೋ ಅವರ ಸರ್ಕಾರ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ, ಪಕ್ಷ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟರೆ ಸಂಸದರು ಅದರಂತೆಯೇ ನಡೆಯಬೇಕು. ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಮಸೂದೆ ಮತಕ್ಕೆ ಬಂದ ದಿನ ಒಂದೇ ಪಕ್ಷದ ಸಮರ್ಥರಿಗೂ ಅಸಮರ್ಥರಿಗೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ವಿಪ್‌ಗೆ ಸಿಗದ ಕೆಲಸದಲ್ಲಿ: ಪ್ರಶ್ನೆ ಕೇಳುವುದು, ಸ್ಥಾಯಿ ಸಮಿತಿಯಲ್ಲಿ ಓದಿಕೊಂಡು ಬಂದು ಕೂರುವುದು, ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿ ಯಾವ ಊರಿಗೆ ಹೋಗಬೇಕೆಂದು ಶಿಫಾರಸು ಮಾಡುವುದು.

ಹಾಲಿ ಸಂಸದರೇ ಮತ್ತೆ ನಿಂತಿದ್ದರೆ ಅವರ ಹಾಜರಿ, ಕೇಳಿದ ಪ್ರಶ್ನೆಗಳು ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಮಂತ್ರಿಯಾಗಿದ್ದವರನ್ನು ಈ ಅಳತೆಯಲ್ಲಿ ಅಳೆಯಬೇಡಿ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆಗೆ ಉತ್ತರಿಸುತ್ತಾರೆಯೇ ಹೊರತು ಕೇಳುವುದಿಲ್ಲ.

ಹೊಸಬರಾದರೆ ನಾಮಪತ್ರದ ಜತೆಗಿನ ಅಫಿಡವಿಟ್ (ನಮೂನೆ 26) ಓದಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಕ್ರಿಮಿನಲ್ ಪ್ರಕರಣಗಳ ಕಾಲಂನಲ್ಲಿ ಎಷ್ಟು ಕೇಸು ಎಂದು ಎಣಿಸಿ ಬಿಟ್ಟರೆ ಸಾಲದು. ಯಾವ ಕಲಂ, ಕೋರ್ಟು ದೋಷಾರೋಪ ನಿಗದಿ ಮಾಡಿದೆಯೇ, ಯಾವ ದಿನ ಎಂಬುದೂ ಅಲ್ಲೇ ಇರುತ್ತದೆ. ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸೂ ವಂಚನೆಯ ಕೇಸೂ ಒಂದೇ ತೂಕದವಲ್ಲ. ಆಸ್ತಿಯ ಭಾಗದಲ್ಲಿ ಸ್ವಂತದ್ದು, ಸಂಗಾತಿಯದ್ದು, ಅವಲಂಬಿತರದ್ದು ಬೇರೆ ಬೇರೆ ಬರೆದಿರುತ್ತದೆ. ಹಿಂದೆಯೂ ನಿಂತವರಾಗಿದ್ದರೆ ಎರಡೂ ಅಫಿಡವಿಟ್ ಪಕ್ಕಪಕ್ಕ ಇಟ್ಟುಕೊಳ್ಳಿ. ತೋರಿಸಿದ ಆದಾಯಕ್ಕೂ ಬೆಳೆದ ಆಸ್ತಿಗೂ ತಾಳೆಯಾಗುತ್ತದೆಯೇ ನೋಡಿ. ಇಷ್ಟು ಮಾಡಲು ಅರ್ಧ ಗಂಟೆ ಸಾಕು. ಐದು ವರ್ಷದ ಆಯ್ಕೆಗೆ ಇದು ಹೆಚ್ಚಲ್ಲ.

ಪ್ರಶ್ನೆ: ಯಾರೂ ಬೇಡವೆನಿಸಿದರೆ ನೋಟಾ ಒತ್ತಿದರಾಯಿತಲ್ಲವೇ?

ಒತ್ತಬಹುದು, ಆದರೆ ಫಲಿತಾಂಶ ಅದರಿಂದ ಬದಲಾಗುವುದಿಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಈ ಗುಂಡಿ ನಿಮ್ಮ ಅಸಮಾಧಾನವನ್ನು ಗುಟ್ಟಾಗಿ ದಾಖಲಿಸುತ್ತದೆ, ಅಷ್ಟೆ. 2024ರಲ್ಲಿ ಇಂದೋರ್ ಕ್ಷೇತ್ರದಲ್ಲಿ ನೋಟಾಕ್ಕೆ 2.18 ಲಕ್ಷಕ್ಕೂ ಹೆಚ್ಚು ಓಟು ಬಿದ್ದು ಎರಡನೇ ಸ್ಥಾನ ಸಿಕ್ಕಿತು. ಗೆದ್ದವರ ಅಂತರ 10 ಲಕ್ಷ ದಾಟಿತ್ತು. ಲೋಕಸಭಾ ಚುನಾವಣೆಯಲ್ಲಿ ನೋಟಾಕ್ಕೇ ಎಲ್ಲರಿಗಿಂತ ಹೆಚ್ಚು ಬಂದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಸಂಸದರು.

ಪ್ರಶ್ನೆ: ಬಾಡಿಗೆ ಮನೆ ಬದಲಿಸಿದೆವು. ಗುರುತಿನ ಚೀಟಿ ಕೈಯಲ್ಲೇ ಇದೆ. ಸಾಕಲ್ಲವೇ?
— ಗೃಹಿಣಿ, ಮೈಸೂರು

ಸಾಲದು. ಓಟಿನ ಹಕ್ಕು ಇರುವುದು ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಹೆಸರಿದ್ದು ಚೀಟಿ ಕಳೆದಿದ್ದರೆ ಆಧಾರ್, ಪಾನ್, ಚಾಲನಾ ಪರವಾನಗಿ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇಂಥದ್ದೊಂದು ತೋರಿಸಬಹುದು. ಹೆಸರೇ ಇಲ್ಲದಿದ್ದರೆ ಚೀಟಿ ಇದ್ದೂ ಪ್ರಯೋಜನವಿಲ್ಲ.

ವಿಳಾಸ ಬದಲಾವಣೆಗೆ ಕೊಡಬೇಕಾದದ್ದು ನಮೂನೆ 8. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಹೊಸಬರ ನಮೂನೆ 6 ತುಂಬಿಬಿಡುತ್ತಾರೆ, ಹಳೆಯ ಕಡೆ ಹೆಸರು ಹಾಗೇ ಉಳಿದು ಎರಡು ಕಡೆ ಸೇರುತ್ತದೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಅದು ಅಪರಾಧ. ನಾಮಪತ್ರದ ಕೊನೆಯ ದಿನದ ನಂತರ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೂ ಪರಿಶೀಲನೆಗೂ ದಿನ ಬೇಕಾದ್ದರಿಂದ, ಅದಕ್ಕೂ ಹತ್ತು ದಿನ ಮೊದಲೇ ಕೊಟ್ಟುಬಿಡಿ. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ವಿಚಾರಿಸಿ, ಹೆಸರು ಸಿಕ್ಕ ಕೂಡಲೇ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮತಗಟ್ಟೆಗೆ ಹೋದರೆ 'ನಿಮ್ಮ ಓಟು ಆಗಲೇ ಬಿದ್ದಿದೆ' ಎನ್ನುತ್ತಾರೆ. ಸುಮ್ಮನೆ ವಾಪಸು ಬರುವುದೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಖಂಡಿತ ಬರಬೇಡಿ. ಮತಗಟ್ಟೆ ಅಧ್ಯಕ್ಷಾಧಿಕಾರಿಯನ್ನು ಕಂಡು 'ಟೆಂಡರ್ಡ್ ಓಟು ಕೊಡಿ' ಎಂದು ಕೇಳಿ. ಚುನಾವಣಾ ನಿಯಮ 49ಪಿ ಇರುವುದೇ ಇದಕ್ಕೆ. ನೀವು ಯಾರೆಂದು ತಿಳಿಯಲು ಅವರು ಒಂದೆರಡು ಪ್ರಶ್ನೆ ಕೇಳುತ್ತಾರೆ. ಉತ್ತರ ಸಮಾಧಾನವೆನಿಸಿದರೆ ನಮೂನೆ 17ಬಿಯಲ್ಲಿ ನಿಮ್ಮ ಸಹಿ ಪಡೆದು ಕಾಗದದ ಮತಪತ್ರ ಕೊಡುತ್ತಾರೆ. ಮರೆಯಲ್ಲಿ ನಿಂತು, ಬೇಕಾದವರ ಹೆಸರಿನ ಎದುರು ಬಾಣದ ಗುರುತಿನ ರಬ್ಬರ್ ಮುದ್ರೆ ಒತ್ತಿ, ಮಡಚಿ, ಅಧಿಕಾರಿಯ ಕೈಗೇ ಕೊಡಬೇಕು. ಅವರು ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಯಂತ್ರದಲ್ಲಿ ಒತ್ತಲು ಮಾತ್ರ ಬಿಡುವುದಿಲ್ಲ, ನೀವೂ ಹಟ ಹಿಡಿಯಬೇಡಿ. ಒತ್ತಲು ಬಿಟ್ಟರೆ ಮತದಾರರ ರಿಜಿಸ್ಟರಿನ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.

ಎಣಿಕೆಯ ದಿನ ಈ ಲಕೋಟೆ ತೆರೆಯುವುದಿಲ್ಲ ಎಂಬುದು ನಿಜ. ಆದರೆ ಅಂತರ ತೀರಾ ಕಡಿಮೆಯಾಗಿ ವಿಷಯ ಹೈಕೋರ್ಟಿಗೆ ಹೋದರೆ ಅದಕ್ಕೆ ಬೆಲೆ ಬರುತ್ತದೆ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಸಹಿ ಮಾಡದೆ ಸಿಟ್ಟಿನಿಂದ ಮನೆಗೆ ಹೋದವರ ದೂರಿಗೆ ಯಾವ ದಾಖಲೆಯೂ ಉಳಿಯುವುದಿಲ್ಲ.

ಪ್ರಶ್ನೆ: ಒತ್ತಿದ್ದೊಂದು, ವಿವಿಪ್ಯಾಟ್ ಚೀಟಿಯಲ್ಲಿ ಕಂಡದ್ದೊಂದು ಆದರೆ?

ವಿವಿಪ್ಯಾಟ್ ಎಂದರೆ ನಿಮ್ಮ ಓಟು ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸಿ ತೋರಿಸುವ ಯಂತ್ರ. ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಮಾತ್ರ ನಿಂತು ಒಳಗೆ ಬೀಳುತ್ತದೆ. ಗುಂಡಿ ಒತ್ತಿದವರು ಕೆಂಪು ದೀಪವನ್ನೇ ನೋಡುತ್ತ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಒತ್ತಿದ ತಕ್ಷಣ ಕಣ್ಣು ಗಾಜಿನ ಕಡೆ ಹೋಗಲಿ. ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಮೂರನ್ನೂ ನೋಡಿ. ತಪ್ಪು ಕಂಡರೆ ಅಲ್ಲೇ ಹೇಳಿ. ಲಿಖಿತ ಘೋಷಣೆ ಪಡೆದು, ಅಭ್ಯರ್ಥಿಗಳ ಏಜೆಂಟರ ಎದುರು ಪರೀಕ್ಷಾರ್ಥ ಓಟು ಹಾಕಿಸುತ್ತಾರೆ. ದೂರು ನಿಜವಾದರೆ ಆ ಯಂತ್ರದಲ್ಲಿ ಮತದಾನ ನಿಲ್ಲುತ್ತದೆ. ಸುಳ್ಳಾದರೆ ದಂಡನೆಯಿದೆ. ಹಾಗಾಗಿ ಖಚಿತವಿದ್ದರೆ ಮಾತ್ರ ಘೋಷಣೆಗೆ ಸಹಿ ಮಾಡಿ.

ಪ್ರಶ್ನೆ: ದುಬೈನಲ್ಲಿದ್ದೇನೆ. ಇಲ್ಲಿಂದಲೇ ಓಟು ಹಾಕಬಹುದೇ?

ಆಗುವುದಿಲ್ಲ. ನಮೂನೆ 6ಎ ಕೊಟ್ಟು ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಓಟಿನ ದಿನ ಮಾತ್ರ ಆ ಮತಗಟ್ಟೆಗೆ ನೀವೇ ಬರಬೇಕು, ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ.